ಹಡಗಿನ ಧನಪಾಲ
ಸದಲಗಾದ ಧನಪಾಲ ಪ್ರವಾಸಿ ಹಡಗಿನಲ್ಲಿ ವೇಟರ್. ಎಂಟು ತಿಂಗಳು ಸಮುದ್ರ, ಎರಡು ತಿಂಗಳು ಊರು. ಊರಿಗೆ ಬಂದರೂ ಎಡಗೈ ಬೆನ್ನ ಹಿಂದಿಟ್ಟುಕೊಂಡೇ ಚಹಾ ಕೊಡುತ್ತಾನೆ, ನಿಂತುಕೊಂಡೇ ಐದು ನಿಮಿಷದಲ್ಲಿ ರೊಟ್ಟಿ ಮುಗಿಸುತ್ತಾನೆ. "ಕುಂತ ಉಣ್ರಿ, ಇಲ್ಲೇನ ಡ್ಯೂಟಿ ಐತಿ?" ಎಂದು ಹೆಂಡತಿ ಸೀಮಾ ಗದರುತ್ತಾಳೆ. ಎಮ್ಮೆಯ ಮುಂದೆ ಮೇವು ಇಟ್ಟರೂ "ಎಂಜಾಯ್, ಮ್ಯಾಡಮ್" ಎನ್ನುತ್ತಾನೆ. ಯಾರು ಏನು ಕೇಳಿದರೂ ನಗುತ್ತಲೇ ಉತ್ತರಿಸುತ್ತಾನೆ. ನಗುವುದೂ ಕೆಲಸದ ಕರಾರಿನಲ್ಲಿದೆಯಂತೆ. ಹೋದ ವರ್ಷ ಅವನ ಅವ್ವ ತೀರಿಕೊಂಡ ಸುದ್ದಿ ತಲುಪಿದಾಗ ಹಡಗು ದಡದಿಂದ ಮೂರು ದಿನದ ದೂರದಲ್ಲಿತ್ತು. "ಅವತ್ತ ಏನ ಮಾಡಿದಿಪಾ?" ಎಂದು ಕೇಳಿದೆ. "ಒಬ್ಬಾಕಿ ಮುದುಕಿದು ಹುಟ್ಟಹಬ್ಬ ಇತ್ರಿ ಕಾಕಾ," ಎಂದ. "ಕೇಕ್ ಒಯ್ದ ಮುಂದ ಇಟ್ಟು, ಚಪ್ಪಾಳಿ ತಟ್ಟಿ ಹಾಡಿದ್ನಿರಿ. ಆಕಿ ನನ್ನ ಕೈ ಹಿಡದ, ಭಾಳ ಚಂದ ಹಾಡ್ತಿ ಅಂದಳು."