ಸಾಯಗಾಂವದಲ್ಲಿ ನಿಂತ ಹಂಡೆಗಳು

ಮನುಷ್ಯನ ಸಕಲ ದುಃಖಕ್ಕೂ ಅಜ್ಞಾನವೇ ಮೂಲ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರಲ್ಲಿ ಯಾರೂ ಲಾರಿ ಇಟ್ಟವರಲ್ಲ. ಸ್ಟಾರ್ಟ್ ಆಗದ ಲಾರಿಯ ಸುತ್ತ ಅಜ್ಞಾನಿ ಅಂತ ಒಬ್ಬನೂ ಇರುವುದಿಲ್ಲ. ನೆರೆದವರಿಗೆಲ್ಲ ಎಲ್ಲವೂ ಗೊತ್ತಿರುತ್ತದೆ, ಲಾರಿಯೊಂದಕ್ಕೆ ಬಿಟ್ಟು.

ಈ ಸತ್ಯ ನನಗೆ ಹೊಳೆದದ್ದು ಭಾಲ್ಕಿ ತಾಲೂಕಿನ ಸಾಯಗಾಂವದಲ್ಲಿ, ನನ್ನ ತಂಗಿಯ ಮಗಳ ಮದುವೆಯ ಹಿಂದಿನ ದಿನ. ಮದುವೆ ಔರಾದದಲ್ಲಿ. ಗಂಡಿನವರು ಉದಗೀರದ ಕಡೆಯವರು, ಅಂದು ಸಂಜೆಯೇ ಬಂದು ಇಳಿಯುವವರು. ಬೀಗರಿಗೆ ಹಾಕುವ ಮೊದಲ ಊಟವೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಉಪ್ಪು ಹೆಚ್ಚಾದರೆ ಒಂದು ತಲೆಮಾರು ಮಾತು ನಡೆಯುತ್ತದೆ. ಊಟವೇ ತಡವಾದರೆ ಮೊಮ್ಮಕ್ಕಳೂ ಕೇಳಬೇಕಾಗುತ್ತದೆ. ಲಗ್ನದ ಸುಗ್ಗಿಯಾದ್ದರಿಂದ ಔರಾದದಲ್ಲಿದ್ದ ದೊಡ್ಡ ಹಂಡೆಗಳೆಲ್ಲ ಆಗಲೇ ಬೇರೆಯವರ ಒಲೆ ಏರಿದ್ದವು. ಬೀದರದಿಂದ ಹಂಡೆ, ಕೊಳಗ, ಪರಾತ ತರುವ ಹೊಣೆಯನ್ನು ಸೋದರಮಾವನಾದ ನಾನು ಎಲ್ಲರೆದುರು ಎದೆ ತಟ್ಟಿ ಹೊತ್ತಿದ್ದೆ. ಯಾರೂ ಹೊರಿಸಿರಲಿಲ್ಲ.

ಲಾರಿ ನನ್ನ ಗೆಳೆಯನದು. ಬೀದರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮನೆಯಲ್ಲಿ ಅವನ ಮಾತು ದಖನಿ, ಲಾರಿಯನ್ನು ಬೈಯುವುದೂ ದಖನಿಯಲ್ಲೇ. ನನ್ನನ್ನು ಮಾತ್ರ ಕನ್ನಡದಲ್ಲಿ ಬೈಯುತ್ತಾನೆ. ನನ್ನದು ಕಿರಾಣಿ ಅಂಗಡಿ. ಹಾಗಾಗಿ ಸಿಟ್ಟು ಬಂದಾಗ ನಾನು ಸಾವ್ಕಾರ, ಉಳಿದ ಹೊತ್ತು ಭಾಯಿ. ಅವನ ಗಾಡಿ ಬಲು ಹಳೆಯದು. ಅದನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ, ಇನ್ನೊಬ್ಬರು ಕೇಳಿದವರೂ ಅಲ್ಲ.

ದಾರಿ ಸುತ್ತಿ ಸಾಯಗಾಂವಕ್ಕೆ ಹೋದದ್ದು ನನ್ನ ಸೋದರತ್ತೆಯನ್ನು ಹತ್ತಿಸಿಕೊಳ್ಳಲು. ಲಗ್ನದ ಶಾಸ್ತ್ರದ ವಿಷಯದಲ್ಲಿ ನಮ್ಮ ಮನೆತನಕ್ಕೆ ಅವಳೇ ಕೊನೆಯ ಕೋರ್ಟು, ಅದರ ಮುಂದೆ ಅಪೀಲಿಲ್ಲ. ಲಗ್ನದ ಮನೆಯಲ್ಲಿ ಬೀಸುವ ಕಲ್ಲಿಗೆ, ಒನಕೆಗೆ ಅರಿಶಿಣ ಕೊಂಬಿನ ಕಂಕಣ ಕಟ್ಟುವುದು ಪದ್ಧತಿ. ನಾವಿಬ್ಬರೂ ಒಳಗೆ ಚಹಾ ಕುಡಿಯುತ್ತಿದ್ದಾಗ ಅತ್ತೆ ಹೊರಗೆ ಲಾರಿಗೆ ಆರತಿ ಮಾಡಿದಳು. ಲಗ್ನದ ಹಂಡೆ ಹೊತ್ತದ್ದು ಅದು, ಆದ್ದರಿಂದ ಅದೂ ಲಗ್ನದ ಸಾಮಾನೇ ಎಂದು ತೀರ್ಪು ಕೊಟ್ಟುಕೊಂಡು, ಕ್ಯಾಬಿನ್ ಹತ್ತಿ, ಸ್ಟೇರಿಂಗಿನ ಮಗ್ಗುಲಿಗೆ ಒಂದು ಕಂಕಣವನ್ನೂ ಬಿಗಿದಳು. ನಾವು ಬಂದು ನೋಡಿದಾಗ ಲಾರಿ ಮದುಮಗಳ ಹಾಗೆ ಅರಿಶಿಣ ಕುಂಕುಮ ಹಚ್ಚಿಕೊಂಡು ನಿಂತಿತ್ತು. ಗೆಳೆಯ ಬಹಳ ಸಂತೋಷಪಟ್ಟ. ಅವನ ಗಾಡಿಗೆ ಇಷ್ಟು ಮರ್ಯಾದೆ ಯಾವ ಆರ್‌ಟಿಒ ಕೂಡ ಕೊಟ್ಟಿರಲಿಲ್ಲ.

ಅತ್ತೆ ಗಂಟಿನೊಂದಿಗೆ ನಡುವೆ ಕೂತಳು. ಗೆಳೆಯ ಸೆಲ್ಫ್ ಹೊಡೆದ. ಇಂಜಿನ್ ಗರಗರ ತಿರುಗಿತು. ತಿರುಗಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಮತ್ತೆ ಹೊಡೆದ. ಮುದುಕನೊಬ್ಬ ಕೆಮ್ಮಿ ಕೆಮ್ಮಿ ಏನೂ ಹೇಳದೆ ಸುಮ್ಮನಾದ ಹಾಗೆ ಅದೂ ಸುಮ್ಮನಾಯಿತು.

ಅಷ್ಟರಲ್ಲಿ ಊರು ನೆರೆಯಿತು. ಬ್ಯಾಟರಿ ಕೂತಿದೆ ಎಂದ ಒಬ್ಬ. ಬ್ಯಾಟರಿ ಕೂತರೆ ಇಂಜಿನ್ ತಿರುಗುವುದು ಹ್ಯಾಗೆ ಎಂದು ಕೇಳಿದ್ದಕ್ಕೆ, ಅರ್ಧ ಕೂತಿದೆ ಎಂದ. ಡಿಸೇಲಿನಲ್ಲಿ ನೀರು ಬಿದ್ದಿದೆ ಎಂದ ಇನ್ನೊಬ್ಬ. ಅತ್ತೆಯ ಮನೆಯ ಎದುರಿನ ಟ್ರ್ಯಾಕ್ಟರಿನ ಗೌಡರು ಮಾತ್ರ ಸರ್ಜನ್ ಬರುವ ಹಾಗೆ ಕೈ ಹಿಂದೆ ಕಟ್ಟಿಕೊಂಡು ಬಂದು, ಲಾರಿಯನ್ನು ಒಂದು ಸುತ್ತು ಹಾಕಿ, ಟ್ರ್ಯಾಕ್ಟರಿನಿಂದ ಎಳೆದರೆ ಆಗುತ್ತದೆ ಎಂದರು. ಹಗ್ಗ ಕಟ್ಟಿ ಎಳೆದೆವು. ಹಂಡೆಗಳು ಒಂದಕ್ಕೊಂದು ಬಡಿದು ವಾಲಗ ಊದಿದವು. ಊರಬಾಗಿಲಿನ ಅಗಸಿಯ ತನಕ ಮೆರವಣಿಗೆ ಆಯಿತು. ಇಂಜಿನ್ ಉಸಿರೆತ್ತಲಿಲ್ಲ.

ಗೆಳೆಯ ಬಾನೆಟ್ ಎತ್ತಿದ. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಗಾಳಿ ತೆಗೆದ. ಗುಳ್ಳೆ ಹೋಗಿ ಚೊಕ್ಕ ಡಿಸೇಲ್ ಬಂತು. ಅಂದರೆ ಟ್ಯಾಂಕಿನಿಂದ ಪಂಪಿನವರೆಗೆ ದಾರಿ ಸರಿಯಿದೆ. ಆಮೇಲೆ ಪಂಪಿನಿಂದ ಮುಂದೆ ಹೋಗುವ ಪೈಪುಗಳ ನಟ್ಟು ಸಡಿಲಿಸಿ, ಸೆಲ್ಫ್ ಹೊಡೆಯಲು ನನಗೆ ಹೇಳಿದ. ಹೊಡೆದೆ. ಅಲ್ಲಿ ಒಂದು ಹನಿಯೂ ಬರಲಿಲ್ಲ. ಪಂಪಿಗೆ ಬಂದ ಡಿಸೇಲ್ ಪಂಪಿನಲ್ಲೇ ಮುಕ್ಕಾಂ ಮಾಡಿತ್ತು.

ಅವನು ಕೈ ಒರೆಸಿಕೊಂಡು, ಪಂಪೇ ಹೋಗಿದೆ, ಬಿಚ್ಚಿ ಬೀದರಕ್ಕೆ ಒಯ್ಯಬೇಕು, ಇವತ್ತಂತೂ ಆಗುವ ಮಾತಲ್ಲ ಎಂದ. ಬೇರೆ ಗಾಡಿಗಾಗಿ ಭಾಲ್ಕಿಗೆ ಫೋನು ಮಾಡಿದೆ. ಅಲ್ಲಿದ್ದ ಗಾಡಿಗಳೆಲ್ಲ ಲಗ್ನಕ್ಕೇ ಹೋಗಿದ್ದವು. ಅದೇ ಹೊತ್ತಿಗೆ ತಂಗಿಯ ಫೋನು ಬಂತು. ಅಡುಗೆಯವರು ಒಲೆ ಹೂಡಿ, ಅಕ್ಕಿ ತೊಳೆದು, ಆ ಅಕ್ಕಿಯನ್ನು ಯಾವುದರಲ್ಲಿ ಹಾಕಲಿ ಎಂದು ಕೇಳುತ್ತಿದ್ದಾರಂತೆ.

“ಎಲ್ಲಿ ತನಕ ಬಂದೀದಿ ಅಣ್ಣಾ?” ಎಂದಳು.

ಸಾಯಗಾಂವದ ಅಗಸಿ ತನಕ ಎಂದು ಹೇಳುವ ಧೈರ್ಯವಿರಲಿಲ್ಲ. ಬಂದೇ ಬಿಟ್ಟೆವು ಎಂದೆ. ಫೋನಿನಲ್ಲಿ ಅವಳ ಗಂಡನ ತಾಯಿ ಏನೋ ಕೇಳುವುದು, ಅವಳು ‘ಬಂದ್ರಂತ್ರಿ’ ಎನ್ನುವುದು ಕೇಳಿಸಿತು.

ಗೆಳೆಯ ನಟ್ಟು ತಿರುವುವ ಪಾನಾ ಹಿಡಿದು ಪಂಪು ಬಿಚ್ಚಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಪಂಪಿನ ಮಗ್ಗುಲಿಗೆ ಒಂದು ಸಣ್ಣ ಲಿವರ್ ಇರುತ್ತದೆ, ಅದಕ್ಕೆ ಕ್ಯಾಬಿನ್ನಿನಿಂದ ಬಂದ ತಂತಿ. ಆ ಲಿವರನ್ನು ಬೆರಳಿನಿಂದ ಮುಟ್ಟಿ ನೋಡಿದ. ಕ್ಯಾಬಿನ್ ಹತ್ತಿ ಒಳಗೆ ಇಣುಕಿ, ಇಳಿದು ಬಂದು ನನ್ನನ್ನು ಮಗ್ಗುಲಿಗೆ ಕರೆದ.

“ಭಾಯಿ, ಈ ಗಾಡಿ ಬಂದ್ ಮಾಡ್ಬೇಕಾದ್ರ ನಾ ಏನ್ ಮಾಡ್ತೇನಿ?”

“ಆ ಕರಿ ಗುಂಡಿ ಹೊರಗ ಎಳಿತಿ. ಡಿಸೇಲ್ ಬಂದ್ ಆಗ್ತದ.”

“ಚಾಲೂ ಮಾಡ್ಬೇಕಾದ್ರ?”

“ಒಳಗ ಒತ್ತತಿ.”

“ಇವತ್ತ ಒತ್ತಿಲ್ಲ.”

ಅವನ ಕೈ ರೂಢಿಯಂತೆ ಗುಂಡಿಯ ಕಡೆಗೇ ಹೋಗಿತ್ತಂತೆ. ಅಲ್ಲಿ ಕಂಕಣ ಕಂಡಿತು. ಕೈ ಅದನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಬಂದ ಕೆಲಸ ಮರೆತು ಹೊಳ್ಳಿ ಬಂತು. ಗಾಡಿ ನಿಲ್ಲಿಸುವಾಗ ಅವನು ಹೊರಗೆಳೆದಿದ್ದ ಗುಂಡಿಯ ಕಡ್ಡಿಗೇ ಅತ್ತೆ ದಾರ ಸುತ್ತಿ ಸುತ್ತಿ, ಅರಿಶಿಣ ಕೊಂಬನ್ನು ನಡುವೆ ಅಡ್ಡ ಕೂರಿಸಿ ಗಂಟು ಹಾಕಿದ್ದಳು. ಒತ್ತಿದರೂ ಅದು ಒಳಗೆ ಹೋಗುವಂತಿರಲಿಲ್ಲ. ಇಷ್ಟು ಹೊತ್ತು ನಾವು ಇಂಜಿನ್ನಿಗೆ ಒಂದು ಕೈಯಲ್ಲಿ ತಿರುಗು ಎಂದು, ಇನ್ನೊಂದು ಕೈಯಲ್ಲಿ ಬೇಡ ಎಂದು ಹೇಳುತ್ತಿದ್ದೆವು.

ಅತ್ತೆಗೆ ಬಹಳ ನಯದಿಂದ ವಿಷಯ ತಿಳಿಸಿದೆ. ಕಂಕಣವನ್ನು ಬಿಚ್ಚಿ ಬೇಕಾದರೆ ಕನ್ನಡಿಗೆ ಕಟ್ಟೋಣ ಎಂದೆ.

“ಕಟ್ಟಿದ ಕಂಕಣ ಅಕ್ಕಿಕಾಳ ಬೀಳೂ ತನಕ ಬಿಚ್ಚಾಂಗಿಲ್ಲ,” ಎಂದಳು. “ನಾಳಿ ಹುಡುಗಿ ಕೈಗಿಂದೂ ಬಿಚ್ಚಂತಿಯೇನು?”

ಅದು ಹುಡುಗಿ, ಇದು ಲಾರಿ ಎಂದು ವಾದ ಹೂಡಿದೆ. ಲಾರಿಗೆ ಮರ್ಯಾದೆ ಇಲ್ಲವೇನು ಎಂದು ಅತ್ತೆ ಕೇಳಿದಳು. ಬೆಂಬಲಕ್ಕೆಂದು ಗೆಳೆಯನ ಮುಖ ನೋಡಿದೆ. ಅವನು ಅತ್ತೆಯ ಕಡೆ ಹೋಗಿ ನಿಂತಿದ್ದ.

“ಅವ್ವಾರ್ ಹೇಳೂದು ಖರೆ ಅದ, ಸಾವ್ಕಾರ್ರೇ. ಲಗ್ನ ನಿಮ್ಮದಿರಬಹುದು, ಗಾಡಿ ನಂದು. ನನ್ನ ಗಾಡ್ಯಾಗ ಅಪಶಕುನ ಬ್ಯಾಡ.”

ಔರಾದದಲ್ಲಿ ತೊಳೆದ ಅಕ್ಕಿ ಕಾಯುತ್ತಿದೆ ಎಂದು ನಾನು ಹೇಳುವಷ್ಟರಲ್ಲಿ ಅವನು ಪಾನಾ ಎತ್ತಿಕೊಂಡು ಬಾನೆಟ್ ಕಡೆ ನಡೆದಿದ್ದ. “ಕಂಕಣ ಯಾಕ ಬಿಚ್ಚಬೇಕ್ರಿ? ಗಾಡೀನೇ ಬಿಚ್ತೇನಿ,” ಎಂದ.

ಪಂಪಿನ ಕಡೆಯ ತುದಿಯಲ್ಲಿ ಒಂದು ಸಣ್ಣ ನಟ್ಟು ಸಡಿಲಿಸಿ, ತಂತಿಯನ್ನು ಲಿವರಿನಿಂದ ಕಳಚಿದ. ಲಿವರ್ ತಾನಾಗಿ ತನ್ನ ಜಾಗಕ್ಕೆ ಬಂತು. ಪೈಪುಗಳ ನಟ್ಟು ಬಿಗಿದ. ಗುಂಡಿ, ಕಂಕಣ, ಅರಿಶಿಣ ಕೊಂಬು ಎಲ್ಲ ಇದ್ದಲ್ಲೇ ಇದ್ದವು. ಇಂಜಿನ್ನಿಗೂ ಅವಕ್ಕೂ ಸಂಬಂಧ ಮಾತ್ರ ಉಳಿಯಲಿಲ್ಲ. ಸೆಲ್ಫ್ ಹೊಡೆದ. ಲಾರಿ ಒಂದು ಮೋಡದಷ್ಟು ಹೊಗೆ ಬಿಟ್ಟು ಗುಡುಗಿತು. ಟ್ರ್ಯಾಕ್ಟರಿನ ಗೌಡರು ಹೊಗೆಯೊಳಗಿಂದ, ತಂತಿಯದೇ ಇರಬೇಕೆಂದು ತಮಗೆ ಮೊದಲೇ ಅನಿಸಿತ್ತು ಎಂದರು. ಅತ್ತೆ ಕಂಕಣದ ಕಡೆ ನೋಡಿ ಕೈಮುಗಿದು, ನೋಡಿದೆಯಾ ಅದರ ಗುಣ ಎಂದಳು. ಗೆಳೆಯ ಹೌದೆಂದು ತಲೆಯಾಡಿಸಿದ. ನಾನೂ ಆಡಿಸಿದೆ.

ಇನ್ನೊಂದೇ ತೊಂದರೆ. ಹೀಗೆ ಚಾಲೂ ಆದ ಗಾಡಿಯನ್ನು ಕ್ಯಾಬಿನ್ನಿನಲ್ಲಿ ಕೂತು ಬಂದ್ ಮಾಡುವ ಹಾಗಿರಲಿಲ್ಲ. ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ. ನನಗೆ ಒಂದು ಸಲ ಇಳಿಯುವ ಅವಸರವಿತ್ತು, ಅದನ್ನೂ ತಡೆದುಕೊಂಡೆ. ಔರಾದದ ಚಪ್ಪರದ ಮುಂದೆ ಇಂಜಿನ್ ಗುಡುಗುತ್ತಿರುವಾಗಲೇ ಹಂಡೆ ಇಳಿಸಿದರು. ಬೀಗರು ಬಂದರೆಂದು ತಿಳಿದು ಬಾಜಾದವರು ಬಾರಿಸಲು ಸುರು ಮಾಡಿದರು. ತಂಗಿ ಆರತಿ ತಟ್ಟೆ ಹಿಡಿದು ಓಡಿ ಬಂದಳು, ನನ್ನನ್ನು ನೋಡಿ ತಟ್ಟೆ ಇಳಿಸಿದಳು. ಗೆಳೆಯ ಬಾನೆಟ್ ಎತ್ತಿ, ಬೆರಳಿನಿಂದ ಲಿವರ್ ಒತ್ತಿ, ಗಾಡಿಯ ಬಾಯಿ ಮುಚ್ಚಿಸಿದ.

ಗಂಡಿನವರು ಬಂದು ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಎಲೆ ಹಾಕಿದ್ದೆವು. ಅಂದಿನ ಊಟ ವೇಳೆಗೆ ಸರಿಯಾಗಿ ಆಯಿತು.