ನೋವು ತಿಂದ ರೊಟ್ಟಿ ಎಷ್ಟು?

ಬೆಳಗಿನ ಆರು ಗಂಟೆ. ಹರಪನಹಳ್ಳಿಯ ಸಣ್ಣ ಟ್ರಸ್ಟ್ ಆಸ್ಪತ್ರೆಯ ಹಿತ್ತಲಲ್ಲಿ ಆಯಾ ಪಕ್ಕೀರಮ್ಮ ಹಳೆ ಸೀರೆಯ ತುಂಡುಗಳಿಗೆ ಹರಳುಪ್ಪು ಸುರಿದು ಗಂಟು ಕಟ್ಟುತ್ತಿದ್ದಾರೆ. ಶಾಖ ಕೊಡಲು ಇಪ್ಪತ್ತು ಗಂಟು ಬೇಕು. ಅದು ಮುಗಿದದ್ದೇ ತಡ, ಒಳಗೆ ಹೋಗಿ ಸೂಜಿಯ ಟ್ರೇಯನ್ನು ಕಪಾಟಿಗೆ ಸೇರಿಸಿ ಬಾಗಿಲು ಹಾಕುತ್ತಾರೆ.

"ಹದಿನಾಕು, ಹದಿನೈದರ ಮಕ್ಳು ನೋಡ್ರಿ, ಒಳಗ ಕಾಲಿಡ್ತಿದ್ದಂಗ ಸೂಜಿ ಹುಡುಕ್ತಾವ. ಕಂಡ್ತೋ, ನೋವಽ ಇಲ್ಲ, ಮನಿಗೆ ನಡಿ ಅಂತಾವ" ಎಂದು ನಗುತ್ತಾರೆ.

ಇಂದು ಎರಡನೇ ಶನಿವಾರ. ತಿಂಗಳಿಗೆ ಎರಡು ಶನಿವಾರ ದಾವಣಗೆರೆಯಿಂದ ಶಿವಶಂಕರ ಡಾಕ್ಟರು ಬಂದು ಇಲ್ಲಿ ನೋವಿನ ಚಿಕಿತ್ಸೆ ನಡೆಸುತ್ತಾರೆ. ಬರುವ ಮೂವತ್ತು ಜನರಲ್ಲಿ ನಾಲ್ಕೈದು ಮಂದಿ ಹೈಸ್ಕೂಲು ಮಕ್ಕಳು. ಆ ಮಕ್ಕಳಿಗೆ ಮೊದಲು ಸಿಗುವುದು ಡಾಕ್ಟರಲ್ಲ, ಪಕ್ಕೀರಮ್ಮ.

ಕೂಡ್ಲಿಗಿ ಕಡೆಯ ಈ ಹೆಂಗಸು ಹನ್ನೆರಡನೇ ವಯಸ್ಸಿಗೇ ಅವ್ವನ ಜೊತೆ ರಸ್ತೆಗೆ ಜಲ್ಲಿ ಒಡೆಯಲು ಹೋದವರು. ಹದಿನಾರಕ್ಕೆ ಬುಟ್ಟಿ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಮೇಸ್ತ್ರಿ ಕೆಲಸಗಳ್ಳಿ ಅಂದ. ಮನೆಯವರೂ ನಾಟಕ ಅಂದರು. ಆಸ್ಪತ್ರೆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು, ಸೊಂಟ ಮಾತ್ರ ಇನ್ನೂ ಬಿಟ್ಟಿಲ್ಲ. "ಎಲ್ಲಿ ನೋವು ಅಂತ ಕೇಳಿದವರು ಅದಾರ. ಎಷ್ಟು ಅಂತ ಇವತ್ತಿನ ತನ ಒಬ್ರೂ ಕೇಳ್ಲಿಲ್ಲ ಬಿಡ್ರಿ."

ಡಾಕ್ಟರು ಕೇಳುತ್ತಾರೆ, ಆದರೆ ರೋಗಿಗಳನ್ನು. "ಹತ್ತಕ್ಕೆ ನೋವು ಎಷ್ಟು?" ಎನ್ನುವುದು ಅವರ ಮೊದಲ ಪ್ರಶ್ನೆ. ಎರಡು ವರ್ಷದ ಹಿಂದೆ, 2002ರಲ್ಲಿ, ಹಲವಾಗಲಿನ ತಿಪ್ಪೇಶ ಎಂಬ ಒಂಬತ್ತನೇ ಕ್ಲಾಸಿನವನು "ಮೂರು" ಎಂದ. ಮೂರೇ ತಾನೆ ಅಂತ ಡಾಕ್ಟರು ನಾಲ್ಕು ಮಾತ್ರೆ ಬರೆಯಲು ಹೊರಟಿದ್ದರು. ಆದರೆ ಅವನು ಗೋಡೆ ಹಿಡಿದು ಅಡ್ಡಡ್ಡ ಮೆಟ್ಟಿಲು ಹತ್ತಿದ್ದನ್ನು ಪಕ್ಕೀರಮ್ಮ ಕಣ್ಣಾರೆ ಕಂಡಿದ್ದರು. ಪಕ್ಕಕ್ಕೆ ಕರೆದು ಕೇಳಿದರೆ ಪುಣ್ಯಾತ್ಮ ಹೇಳಿದ್ದೇನು? "ಔಟ್ ಆಫ್ ಔಟ್ ಯಾರು ಕೊಡ್ತಾರಕ್ಕಾ? ಜಾಸ್ತಿ ಕೇಳಿದ್ರ ಬೈತಾರ."

ನೋವಿಗೂ ಮಾರ್ಕ್ಸ್ ಹಾಕಿಕೊಂಡಿದ್ದ! ಅವತ್ತಿನಿಂದ ಪಕ್ಕೀರಮ್ಮ ಬೇರೆ ಥರ ಕೇಳುತ್ತಾರೆ: ಹತ್ತು ರೊಟ್ಟಿಯೊಳಗ ನೋವು ಎಷ್ಟು ತಿಂತು, ನಿನಗೆಷ್ಟು ಉಳೀತು? ಡಾಕ್ಟರೂ ಈಗ ಚೀಟಿಯಲ್ಲಿ ಅದನ್ನೇ ಬರೆದುಕೊಳ್ಳುತ್ತಾರೆ.

ಒಂಬತ್ತಕ್ಕೆ ಹೊಳಲಿನಿಂದ ಶಿವಗಂಗಾ ಬರುತ್ತಾಳೆ, ತಾಯಿ ಲಕ್ಷ್ಮಿದೇವಿಯ ಜೊತೆ. ಎಸ್ಸೆಸ್ಸೆಲ್ಸಿ ಹುಡುಗಿ. ಎಂಟು ತಿಂಗಳಿಂದ ಬೆನ್ನುನೋವು, ಅರ್ಧ ಗಂಟೆ ಕೂರಲಾಗದು. ಪರೀಕ್ಷೆಗೆ ಎರಡೇ ತಿಂಗಳಿದೆ. ಇವತ್ತೂ ಏನೂ ಇಲ್ಲ ಅಂದರೆ ಶಾಲೆ ಬಿಡಿಸುವುದೆಂದು ಮನೆಯಲ್ಲಿ ಮಾತಾಗಿದೆ.

"ಹತ್ತು ರೊಟ್ಟಿಯೊಳಗ ನೋವು ಎಷ್ಟು ತಿಂತವ್ವಾ?"

ಹುಡುಗಿ ತಾಯಿಯ ಮುಖ ನೋಡಿ "ಎರಡು" ಅನ್ನುತ್ತಾಳೆ.

"ಎಕ್ಸ್‌ರೇದಾಗ ಏನೂ ಇಲ್ರೀ ಅಕ್ಕಾರ" ಎನ್ನುತ್ತಾರೆ ಲಕ್ಷ್ಮಿದೇವಿ. "ನಾನಾರ ಏನಂತ ನಂಬ್ಲಿ?"

ಪಕ್ಕೀರಮ್ಮ ವಾದಕ್ಕಿಳಿಯುವುದಿಲ್ಲ. "ತಂಗಿ, ಹಿತ್ತಲದಾಗ ಒಲಿ ಮ್ಯಾಲ ಹಂಚು ಇಟ್ಟೀನಿ. ಈ ಗಂಟು ಒಂದೀಟು ಬೆಚ್ಚಗ ಮಾಡ್ರಿ, ನಾಳಿಂದ ಮನ್ಯಾಗ ನೀವಽ ಮಾಡ್ಬೇಕಲ್ಲ" ಎಂದು ಗಂಟನ್ನು ಕೈಗಿಡುತ್ತಾರೆ. ತಾಯಂದಿರನ್ನು ನೋಯಿಸದೆ ಹೊರಗೆ ಕಳಿಸುವ ಉಪಾಯವಿದು. ತಾಯಿ ಮರೆಯಾದ ಮೇಲೆ ಇನ್ನೊಮ್ಮೆ ಅದೇ ಪ್ರಶ್ನೆ.

"ಎಂಟು" ಎಂದವಳ ಕಣ್ಣು ತುಂಬುತ್ತದೆ. "ನಾನು ಸುಳ್ಳು ಹೇಳ್ತೀನಿ ಅಂತ ಈ ಡಾಕ್ಟ್ರೂ ಬರೀತಾರೇನ್ರೀ? ಬೆನ್ನಿಗೆ ಸೂಜಿ ಹಾಕ್ತಾರಂತ?"

"ಇಲ್ಲ ನಮ್ಮವ್ವ. ಮೊದ್ಲು ನಿನ್ನ ಮಾತು ಕೇಳ್ತಾರ. ಆಮ್ಯಾಲ ನಡಸ್ತಾರ, ಬಗ್ಗಸ್ತಾರ. ನೋವಾದಲ್ಲಿ ಸಾಕು ಅನ್ನು, ಅಲ್ಲೇ ನಿಲ್ಲಸ್ತಾರ. ನರ್ಸಮ್ಮನೂ ಅಲ್ಲೇ ಇರ್ತಾಳ. ನಿನಗ ಹೇಳದಽ ಏನೂ ಚುಚ್ಚಂಗಿಲ್ಲ. ನನಗ ಹೇಳಿದ್ದನ್ನಽ ಹೇಳು ಹೋಗು."

ಶಿವಗಂಗಾ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಅಳು ಕೇಳಿ, ಲಕ್ಷ್ಮಿದೇವಿ ಹಿತ್ತಲಿನಿಂದ ಓಡಿಬರುತ್ತಾರೆ. ಪಕ್ಕೀರಮ್ಮ ತೋಳು ಹಿಡಿಯುತ್ತಾರೆ. "ಅಳ್ಲಿ ಬಿಡ್ರಿ. ಎಂಟು ತಿಂಗಳದ್ದು ಐತಿ."

ಆಮೇಲೆ ಡಾಕ್ಟರು ತಾಯಿಯನ್ನೂ ಒಳಗೆ ಕರೆಯುತ್ತಾರೆ. ಬಿಸಿ ಗಂಟು ಹಿಡಿದು ಪಕ್ಕೀರಮ್ಮ ಬಾಗಿಲಲ್ಲೇ ನಿಲ್ಲುತ್ತಾರೆ. "ಮೂಳೆಗೆ ಏನೂ ಆಗಿಲ್ಲಮ್ಮ" ಎನ್ನುತ್ತಾರೆ ಡಾಕ್ಟರು. " ಆದ್ರೆ ನೋವು ನಿಜ. ನಿಮ್ಮ ಮಗಳು ಸುಳ್ಳು ಹೇಳಿಲ್ಲ."

"ನಾಟಕ ಮಾಡ್ತಿ ಅಂತ ದಿನಾ ಬೈದ್ನಲ್ರೀ ಸರ್" ಎಂದು ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಒಂದೇ ದಿನಕ್ಕೆ ಹೋಗುವ ನೋವಲ್ಲ ಇದು, ಡಾಕ್ಟರು ಅದನ್ನು ಮುಚ್ಚಿಡುವುದಿಲ್ಲ. ದಿನಾ ಮಾಡಲು ನಾಲ್ಕು ವ್ಯಾಯಾಮ ಕಲಿಸುತ್ತಾರೆ. ಎಷ್ಟು ಹೊತ್ತು ಕೂತೆ, ಎಷ್ಟು ನಿದ್ದೆ ಬಂತು ಎಂದು ಬರೆಯಲು ಒಂದು ನೋಟ್‌ಬುಕ್ಕು ಕೊಡುತ್ತಾರೆ. ಹದಿನೈದು ದಿನಕ್ಕೆ ಮತ್ತೆ ಬರಬೇಕು. ಸೂಜಿಯ ಮಾತೇ ಇಲ್ಲ. ಶಿವಗಂಗಾ ಕೇಳುವುದು ಒಂದೇ: "ಪರೀಕ್ಷಿ ಬರೀಬಹುದಾ ಸರ್?"

"ಧಾರಾಳವಾಗಿ. ನಡುನಡುವೆ ಎದ್ದು ನಿಲ್ಲೋಕೆ ಬಿಡಿ ಅಂತ ಹೆಡ್‌ಮಾಸ್ತರಿಗೆ ಚೀಟಿ ಕೊಡ್ತೀನಿ. ನಿಂತು ಬರೆದ್ರೂ ಉತ್ತರ ಉತ್ತರಾನೇ."

ಹುಡುಗಿ ಅಳುತ್ತಲೇ ನಕ್ಕುಬಿಡುತ್ತಾಳೆ. ಸದ್ಯ, ಶಾಲೆ ಉಳಿಯಿತು! ಪಕ್ಕೀರಮ್ಮನಿಗೂ ಎದೆ ಹಗುರಾಗುತ್ತದೆ.

ಬಸ್ಸಿನ ಹೊತ್ತಾಯಿತು. ಉಪ್ಪಿನ ಗಂಟನ್ನು ತಾಯಿಯ ಚೀಲಕ್ಕೆ ಹಾಕಲು ಬಗ್ಗಿದ ಪಕ್ಕೀರಮ್ಮ ಸೊಂಟ ಹಿಡಿದುಕೊಂಡು ನಿಧಾನಕ್ಕೆ ಎದ್ದದ್ದನ್ನು ಶಿವಗಂಗಾ ನೋಡುತ್ತಾಳೆ. ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬರುತ್ತಾಳೆ.

"ಅಕ್ಕಾ, ನಿಮ್ಮದು ಎಷ್ಟು ರೊಟ್ಟಿ?"

ಪಕ್ಕೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹುಡುಗಿಯ ಗಲ್ಲ ಹಿಡಿದು ಹೇಳುತ್ತಾರೆ: "ಇವತ್ತ ಮೂರು ತಿಂದೈತಿ ನೋಡವ್ವ. ಏಳು ನನಗಽ ಉಳಿದಾವ."