ಗದಿಗೆಮ್ಮನ ಪಾಳಿ

ಸಿಕಂದರಾಬಾದಿನ ಆಚೆ, ಬಂಡೆಗುಡ್ಡದ ಇಳಿಜಾರಿಗೆ ಅಂಟಿಕೊಂಡ ಕೂಲಿಕಾರರ ಬಸ್ತಿಗೆ ನೀರಿನ ಟ್ಯಾಂಕರ್ ಬರುತ್ತಿದ್ದ ಕಾಲದಲ್ಲಿ ಗದಿಗೆಮ್ಮನ ಮಾತೇ ಮಾತು. ಯಾದಗಿರಿ ಕಡೆಯಿಂದ ಗಂಡನ ಬೆನ್ನುಹತ್ತಿ ಗಾರೆ ಕೆಲಸಕ್ಕೆ ಬಂದವಳು, ಗಂಡ ಹೋದ ಮೇಲೂ ಇಲ್ಲೇ ಉಳಿದಳು. ಟ್ಯಾಂಕರ್ ಬರುವ ಮೊದಲೇ ಕೊಡಗಳ ಸಾಲು ಹತ್ತುತ್ತಿತ್ತು. ಕೂಲಿಗೆ ಹೋಗುವವರು ಕೊಡದ ಬದಲು ಒಂದು ಕಲ್ಲಿಟ್ಟು ಹೋಗುತ್ತಿದ್ದರು. ಯಾವ ಕಲ್ಲು ಯಾರದೆಂದು ಅವಳಿಗೆ ಗೊತ್ತು. ಬಾಣಂತಿಯ ಕೊಡವನ್ನು ಮುಂದೆ ತಳ್ಳುವುದೂ ಜಗಳಗಂಟಿಯದನ್ನು ಹಿಂದೆ ಸರಿಸುವುದೂ ಅವಳ ಕಾಲಿನ ಕೆಲಸ.

ಆಮೇಲೆ ಮನೆಮನೆಗೆ ನಳ ಬಂತು, ಟ್ಯಾಂಕರ್ ನಿಂತಿತು. ನೀರು ಹೇಗೆ ಹಂಚಿಕೊಳ್ಳಬೇಕೆಂದು ಬಸ್ತಿಯವರೇ ಕೂತು ಹೇಳಲಿ ಅಂತ ಒಂದು ಕಮಿಟಿಯೂ ಬಂತು. ಹೆಣ್ಣುಮಕ್ಕಳ ಕಡೆಯಿಂದ ಒಬ್ಬರು ಬೇಕೆಂದಾಗ ಗದಿಗೆಮ್ಮ ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಎಲ್ಲರೂ ಹಂಪಮ್ಮನ ಹೆಸರು ಹೇಳಿಯಾಗಿತ್ತು. ಮೊನ್ನೆ ಮೊನ್ನೆ ಬಂದವಳು ಹಂಪಮ್ಮ. ಸುಲ್ತಾನ್ ಬಜಾರಿನ ಅಂಗಡಿಗೆ ಸೀರೆ ಫಾಲ್ ಹೊಲಿದುಕೊಡುವವಳು.

“ಆಕಿ ನಾಲಗಿಗೆ ಎಲ್ಲಾರೂ ಮಳ್ಳಾದ್ರು,” ಎಂದಳು ಗದಿಗೆಮ್ಮ ಪಕ್ಕದ ಮನೆಯ ಭಾಗ್ಯಶ್ರೀಗೆ.

“ನಿನಗ ತೆಲುಗು ಬರೂದಿಲ್ಲಲ್ಲ ಯಕ್ಕಾ.”

“ನೀರಿಗೆ ಯಾಕವಾ ತೆಲುಗು?”

“ನೀರಿಗೆ ಬ್ಯಾಡ. ಸಾಹೇಬ್ರಿಗೆ ಬೇಕು.”

ಗುಡಿಯ ಕಟ್ಟೆಯ ಮೇಲೆ ಸಭೆ ಕೂಡಿತು. ಹಂಪಮ್ಮ ನೀರಿನ ಇಲಾಖೆಯ ಇಂಜಿನಿಯರನಿಗೆ ತೆಲುಗಿನಲ್ಲಿ ಹೇಳಿ, ಬಸ್ತಿಯವರತ್ತ ತಿರುಗಿ ಕನ್ನಡದಲ್ಲೂ ಹೇಳಿದಳು: “ಮೊದಲ ಅರ್ಧ ತಾಸು ಕೆಳಗಿನ ಸಾಲಿನವರು ನಳ ಬಂದ್ ಇಟ್ಕೊಂಡು ಕುಂದರ್ತೀವಿ. ಮ್ಯಾಲಿನವರು ತುಂಬ್ಕೊಳ್ಳಲಿ. ಆಮ್ಯಾಗ ನಾವು.”

ಹಂಪಮ್ಮನ ಮನೆ ಕೆಳಗೆ, ಗದಿಗೆಮ್ಮನದು ತೀರ ಮೇಲಿನ ಸಾಲಿನಲ್ಲಿ. ಮಾತು ಅವಳ ಹಿತಕ್ಕೇ ಇತ್ತು. ಆದರೆ ಅವಳ ಕಿವಿಗೆ ಬಿದ್ದದ್ದು ಹೆಂಗಸರು “ಹೌದೌದು” ಎಂದದ್ದು ಮಾತ್ರ. ಪಾಳಿ ಹಚ್ಚುವವಳು ತಾನು, ಅದನ್ನೂ ಕಸಿದುಕೊಂಡಳಲ್ಲ. ಗದಿಗೆಮ್ಮ ಎದ್ದು ನಿಂತಳು.

“ಮನಿಮನಿಗೆ ನಳ ಐತಿ, ಪಾಳಿ ಯಾಕಬೇಕು? ಎಲ್ಲಾರೂ ಒಮ್ಮೆಲೆ ಬಿಟ್ಕೊಳ್ರಿ. ಈಕಿ ಕೈಯಾಗ ದಾನ ಇಸ್ಕೊಳ್ಳಾಕ ನಾವೇನು ಜೋಳಿಗಿ ಹಿಡ್ಕೊಂಡು ಬಂದೀವೇನು?”

ಹಳೆಯ ಗೌರವ ಕೆಲಸ ಮಾಡಿತು. ಮೇಲಿನ ಸಾಲಿನವರೇ ಮೊದಲು ಕೈಯೆತ್ತಿದರು. ಗೆದ್ದ ಗದಿಗೆಮ್ಮ ಆ ದಿನ ಒಂದು ರೊಟ್ಟಿ ಹೆಚ್ಚಿಗೆ ತಿಂದಳು.

ಮರುದಿನ ಕೆಳಗಿನ ನಳಗಳೆಲ್ಲ ಭೋರೆಂದು ಸುರಿದವು. ಅವಳ ನಳ ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಟ್ಯಾಂಕರಿನ ಮುಂದೆ ಮೇಲೆ ಕೆಳಗೆ ಎಂಬುದಿರಲಿಲ್ಲ. ಕೊಳವೆಯ ನೀರು ಏರು ಹತ್ತಬೇಕೆಂಬುದು ಅವಳಿಗೆ ಹೊಳೆದಿರಲಿಲ್ಲ.

ತಿಂಗಳಿಡೀ ಮೇಲಿನ ಸಾಲಿನವರು ಕೆಳಗಿಳಿದು ನೀರು ಹೊತ್ತರು. “ಯಕ್ಕಾ, ಜೋಳಿಗಿ ಇಲ್ಲಂತ ಕೊಡಾ ಹಿಡ್ಕೊಂಡು ಹೊಂಟೀವಿ ನೋಡು,” ಎಂದಳು ಭಾಗ್ಯಶ್ರೀ. ಹಂಪಮ್ಮ ಮಾತ್ರ ತನ್ನ ಕೊಡ ಸರಿಸಿ ಗದಿಗೆಮ್ಮನದನ್ನು ನಳದ ಕೆಳಗೆ ಇಡುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ಸಭೆಯಲ್ಲಿ ಹಂಪಮ್ಮ ಬಾಯಿ ತೆರೆಯುವ ಮೊದಲೇ ಗದಿಗೆಮ್ಮ ಎದ್ದು ನಿಂತಳು. “ನಾ ಒಂದು ವಿಚಾರ ಮಾಡೀನಿ. ಮೊದಲ ಅರ್ಧ ತಾಸು ಮ್ಯಾಲಿನವರು ತುಂಬ್ಕೋಬೇಕು. ಆಮ್ಯಾಗ ಕೆಳಗಿನವರು.”

ಯಾರೋ ಕೆಮ್ಮಿದರು. ಹಂಪಮ್ಮ ನಗದೆ, “ಯಕ್ಕ ಹೇಳಿದ್ದು ಖರೇನೇ ಐತ್ರಿ,” ಎಂದು, ಇಂಜಿನಿಯರನತ್ತ ತಿರುಗಿ ಅದನ್ನೇ ತೆಲುಗಿನಲ್ಲೂ ಹೇಳಿದಳು. ಹಾಗೇ ಆಯಿತು. ಎಲ್ಲರೂ ಅದನ್ನು ಗದಿಗೆಮ್ಮನ ಪಾಳಿ ಎಂದೇ ಕರೆದರು.

ಈಗ ಮೊದಲ ನೀರು ಅವಳ ಮನೆಗೇ ಬರುತ್ತದೆ. ಕೊಡ ತುಂಬುವವರೆಗೆ ಅವಳು ಒಬ್ಬಳೇ ತನ್ನ ಮನೆಯ ಕಟ್ಟೆಯಂಚಿಗೆ ನಿಂತು ಕೆಳಗೆ ನೋಡುತ್ತಾಳೆ. ಅಲ್ಲಿ ನಳ ಬಂದ್ ಇಟ್ಟ ಹೆಂಗಸರೆಲ್ಲ ಹಂಪಮ್ಮನ ಸುತ್ತ ಕೂತು, ಅರ್ಧ ತಾಸು, ಬಿದ್ದು ಬಿದ್ದು ನಗುತ್ತಿರುತ್ತಾರೆ.